ಮಗ್ಗದ ಮೇಲೆ ಬಂದ ಹಲಗೆ

ಯರ್ರಪ್ಪ ಬಿನ್ ಮಾರಣ್ಣ, ವಯಸ್ಸು 46, ರೇಷ್ಮೆ ಸೀರೆ ನೇಯುವ ಕಸುಬು, ವಾಸ ಪೇಟೆ ಓಣಿ, ಮೊಳಕಾಲ್ಮೂರು ಕಸಬೆ. ನಾನು ಠಾಣೆಗೆ ಖುದ್ದಾಗಿ ಬಂದು ಬರೆಸುತ್ತಿರುವುದೇನೆಂದರೆ:

ನನ್ನ ಮನೆಯ ಪಡುವಣ ಗೋಡೆಯ ಆಚೆಗೆ ಚಿಕ್ಕಬಸಪ್ಪನವರ ಗಾಡಿ ಕೊಟ್ಟಿಗೆ ಇರುತ್ತದೆ. ಅವರು ಜೋಳದ ವ್ಯಾಪಾರವನ್ನು ತಮ್ಮನಿಗೆ ಒಪ್ಪಿಸಿ ಮನೆಯಲ್ಲಿದ್ದಾರೆ. ಮರಗೆಲಸ ಅವರ ಕಸುಬಲ್ಲ, ಹುಚ್ಚು.

1912ನೇ ಇಸವಿ ಜನವರಿ 9ರಂದು ಅವರು ಬಳ್ಳಾರಿಯ ಹರಾಜಿನಲ್ಲಿ ಕೊಂಡ ಎರಡು ಯಂತ್ರಗಳನ್ನು ರಾಂಪುರದ ಮೇಲೆ ಗಾಡಿಯಲ್ಲಿ ತಂದರು. ಒಂದು ಮರವನ್ನು ತಿರುಗಿಸಿ ಕಡೆಯುವುದು, ಇನ್ನೊಂದು ಗರಗಸದ್ದು. ಎರಡನ್ನೂ ಕಾಲಿನಿಂದ ತುಳಿದು ಓಡಿಸಬೇಕು. ಕೊಟ್ಟಿಗೆ ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ. ಯಂತ್ರಗಳಿಗೆ ಜಾಗ ಮಾಡಲು ಗಾಡಿಯನ್ನು ಓಣಿಗೆ ನೂಕಿದರು. ನಾವು ಹಾಸು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಎಳೆದು ಕಟ್ಟುವ ಜಾಗ ಅದು.

ಗರಗಸವನ್ನು ಮೊದಲು ಬಾಗಿಲ ಬಳಿ ಇಟ್ಟರು. ಹಲಗೆಯ ತುದಿ ಓಣಿಗೆ ಚಾಚಿ, ನೀರು ತರುತ್ತಿದ್ದ ಎದುರುಮನೆಯ ಜಯಕ್ಕನ ಕೊಡ ಒಡೆಯಿತು. ಮೂಲೆಗೆ ಇಟ್ಟರೆ ತುಳಿಯಲು ಕಾಲಿಗೆ ಜಾಗವಿಲ್ಲ. ನಡುವೆ ಇಟ್ಟರೆ ಇನ್ನೊಂದು ಯಂತ್ರದ ಬಳಿಗೆ ಹೋಗಲು ಅದರ ಕೆಳಗೆ ತೂರಬೇಕು. ಒಂದು ತಿಂಗಳಲ್ಲಿ ಆರು ಸಲ ಜಾಗ ಬದಲಾಯಿತು. ಆರು ಸಲವೂ "ಬಾರಪ್ಪ ಯರ್ರಪ್ಪ, ಒಂದು ಕೈ ಹಿಡಿ" ಎಂದು ನನ್ನನ್ನೇ ಕರೆದರು. ಹಿರಿಯರು, ಹೋದೆನು. ಕಬ್ಬಿಣ ಎತ್ತಿ ಅಂಗೈ ಒರಟಾದರೆ ರೇಷ್ಮೆ ಎಳೆ ಸಿಕ್ಕಿಕೊಳ್ಳುತ್ತದೆ ಎಂದು ಹೇಳಿದೆನು. ಎಣ್ಣೆ ಹಚ್ಚಿಕೊ ಎಂದರು.

ಹತ್ತಡಿ ಹಲಗೆಗೆ ಗರಗಸದ ಈಚೆ ಹತ್ತಡಿ, ಆಚೆ ಹತ್ತಡಿ ಬೇಕೆಂದು ನಾನೇ ಮೊಳ ಹಾಕಿ ತೋರಿಸಿದ್ದೆನು. ಅವರು ನಮ್ಮ ಕಡೆಯ ಗೋಡೆಯನ್ನೇ ನೋಡುತ್ತಿದ್ದರು. ಆಗಲೇ ನನಗೆ ತಿಳಿಯಬೇಕಿತ್ತು.

ಫೆಬ್ರವರಿ 16ರಂದು ಬೆಳಿಗ್ಗೆ ಕಚೇರಿ ಗಂಟೆ ಹತ್ತು ಹೊಡೆದ ಮೇಲೆ ನಾನು ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆನು. ನನ್ನ ಹೆಂಡತಿ ಕರಿಯಕ್ಕ ಎರಡು ಮೊಳ ದೂರದಲ್ಲಿ ನೂಲು ಸುತ್ತುತ್ತಿದ್ದಳು. ಗೋಡೆಯ ಮಣ್ಣು ಉದುರಿ ಒಂದು ಗೇಣು ಅಗಲದ ತೂತು ಬಿತ್ತು. ಏನೆಂದು ಕೇಳಲು ನಾನು ಗುಂಡಿಯಿಂದ ಏಳುವಷ್ಟರಲ್ಲಿ ಅದರಿಂದ ಹಲಗೆ ಬಂದಿತು. ಕರಿಯಕ್ಕ, "ಸಾವ್ಕಾರ್ರೇ, ನಿಲ್ಸ್ರೀ, ಮಗ್ಗ ಐತೆ" ಎಂದು ಕೂಗಿದಳು. ಆ ಕಡೆಯಿಂದ ಚಿಕ್ಕಬಸಪ್ಪನವರು, "ಆತವ್ವ, ಇನ್ನೆರಡೇ ಅಡಿ ಐತೆ" ಎಂದು ಹೇಳಿ ಆ ಎರಡು ಅಡಿಯನ್ನೂ ನೂಕಿದರು. ಹಲಗೆ ಹಾಸಿನ ಮೇಲೆ ಬಿದ್ದು ಅರವತ್ತಮೂರು ಎಳೆ ಹರಿದವು.

ಅದು ಚಳ್ಳಕೆರೆಯ ದ್ರಾಕ್ಷಾಯಣಮ್ಮನವರ ಮಗಳ ಧಾರೆಗೆ ನೇಯುತ್ತಿದ್ದ ಸೀರೆ. ಎಂಟು ಗಜದಲ್ಲಿ ಐದು ಗಜ ಆಗಿತ್ತು. ಮದುವೆಗೆ ಇನ್ನು ಹನ್ನೊಂದು ದಿನ.

ನಾನು ಆಚೆಗೆ ಹೋದೆನು. ಚಿಕ್ಕಬಸಪ್ಪನವರು ಮೈಯೆಲ್ಲ ಮರದ ಹೊಟ್ಟು ಮೆತ್ತಿಕೊಂಡು ನಗುತ್ತಾ, ಹಲಗೆ ನೆಟ್ಟಗೆ ಕೊಯ್ದಿದೆ ನೋಡು ಎಂದರು. ನಾನು ಅವರ ಕೈ ಹಿಡಿದು ಕರೆತಂದು ಮಗ್ಗ ತೋರಿಸಿದೆನು. ಅವರು ನೆಲದ ಮೇಲೆ ಕೂತುಬಿಟ್ಟರು. ಗರಗಸದ ಸದ್ದಿನಲ್ಲಿ ಮಗ್ಗ ಎಂದದ್ದು ಕೇಳಲಿಲ್ಲ, ಆ ಗೋಡೆಯ ಹಿಂದೆ ಹಿತ್ತಿಲಿದೆ ಎಂದುಕೊಂಡಿದ್ದೆ ಎಂದರು. ಮೂವತ್ತು ವರ್ಷದಿಂದ ಅವರು ನಮ್ಮ ನೆರೆಯವರು. ದಿನವೂ ಮಗ್ಗದ ಸದ್ದು ಕೇಳಿದವರು.

ಕರಿಯಕ್ಕ ಹೊತ್ತು ಮುಳುಗುವವರೆಗೆ ಒಂದೊಂದೇ ಎಳೆ ಗಂಟು ಹಾಕಿದಳು. ನನ್ನ ಅಂಗೈ ಆ ಕೆಲಸಕ್ಕೆ ಬರಲಿಲ್ಲ. ಇಂದು ಬೆಳಿಗ್ಗೆ ಒಂದು ಗೇಣು ನೇಯ್ದೆನು.

ಅವರನ್ನು ಹಿಡಿದು ಕೂರಿಸಬೇಕೆಂದು ನಾನು ಕೇಳುವುದಿಲ್ಲ. ಗೋಡೆ ಮುಚ್ಚಿಸಬೇಕು, ಗಾಡಿ ತೆಗೆಸಬೇಕು. ಗಂಟು ಹಾಕಿದ ಕಡೆ ಸೀರೆಯಲ್ಲಿ ಅಡ್ಡಕ್ಕೆ ಒಂದು ಗೆರೆ ನಿಂತಿದೆ. ಚಿಕ್ಕಬಸಪ್ಪನವರು ಬೆಳಕಿಗೆ ಹಿಡಿದು ನೋಡಿ ಏನೂ ಕಾಣುವುದಿಲ್ಲ ಎಂದರು. ಕರಿಯಕ್ಕನೂ ಕಾಣುವುದಿಲ್ಲ ಎಂದಳು. ನನಗೆ ಕಾಣುತ್ತದೆ.

ಬರೆದುಕೊಂಡದ್ದನ್ನು ದಫೇದಾರರು ಓದಿ ಕೇಳಿಸಿದರು. ನಾನು ಆಡಿದ್ದಕ್ಕೆ ಸರಿಯಾಗಿದೆ, ಸುಳ್ಳು ಸೇರಿಲ್ಲ.

ಮೊಳಕಾಲ್ಮೂರು
17–2–1912
(ಸಹಿ) ಯರ್ರಪ್ಪ