ಒಂದು ಬಕೆಟ್‌ಗೆ ಇನ್ನೊಂದು ಉಚಿತ

...ಹೌದು ಲೂಮಿಂಗ್, ಆ ದೂರು ಬರೆದುಕೊಟ್ಟವಳು ನಾನೇ, ಇಲ್ಲವೆಂದೆನೇ? ಆದರೆ ನಿನ್ನ ಮಗಳ ಕೆಲಸ ಹೋಗಲಿ ಅಂತ ಬರೆದೆನೇ? ಕೂತ್ಕೋ. ಕಲಮಾನ್ಸಿ ನಿಂಬೆಯ ಪಾನಕ ಕುಡಿ... ಬೇಡವೇ? ಸರಿ, ಬಿಡು.

ನೀನೇ ಹೇಳು, ಆ ಕೋಳಿ ಹೋಟೆಲಿನ ಕೂಪನ್ ಯಾರಿಗಾದರೂ ಅರ್ಥವಾಗುತ್ತದೆಯೇ? ಮೇಲೆ ಅಂಗೈಯಗಲದ ಅಕ್ಷರ: ‘ಒಂದು ಬಕೆಟ್ ಕರಿದ ಕೋಳಿಗೆ ಇನ್ನೊಂದು ಉಚಿತ!’ ಕೆಳಗೆ ಇರುವೆ ಸಾಲು: ‘ಭಾನುವಾರ ಹೊರತಾದ ದಿನಗಳ ಪೈಕಿ, ಕೂಟಗಳಲ್ಲದ ಖರೀದಿಗೆ, ಅನ್ಯ ಕೊಡುಗೆಗಳಿಗೆ ಒಳಪಡದೆ...’ ಯಾಕೆ ನಗ್ತೀಯ? ನಗು, ನಗು! ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನನಗೇನು ತಿಳಿಯಬೇಕು?

ಅಮ್ಮನಿಗೆ ಎಂಬತ್ತು ತುಂಬಿದ ದಿನ, ಲೂಮಿಂಗ್! ಕಾಗದದ ಕಿರೀಟ ಇಟ್ಟುಕೊಂಡು ಕೂತಿದ್ದಳು. ಹನ್ನೊಂದು ಜನ ನೆಂಟರು. ಅಷ್ಟೂ ಜನರೆದುರು ಕೌಂಟರಿನಿಂದ ನಿನ್ನ ಮಗಳು ಅನಲಿನ್, ‘ಭಾನುವಾರ ನಡೆಯಲ್ಲ ಆಂಟಿ, ಕೆಳಗಿದೆ, ಓದಿ’ ಅಂದಳು. ಓದಿ! ಅಂತ! ಹಟಕ್ಕೆ ನಾನು ಕೋಳಿ ಕೊಳ್ಳಲೇ ಇಲ್ಲ. ಅಮ್ಮ ಬರೀ ಅನ್ನಕ್ಕೆ ಮೇಜಿನ ಮೇಲಿದ್ದ ಬಾಳೆಹಣ್ಣಿನ ಕೆಚಪ್ ಕಲಸಿ ತಿಂದಳು. ಕಿರುಚದೆ ಏನು ಮಾಡಲಿ? ಮ್ಯಾನೇಜರನ್ನು ಕರೆಸಿ, ಅವಮಾನ ಮಾಡಿದಳು ಅಂತ ದೂರು ಬರೆದುಕೊಟ್ಟೆ. ಇಡೀ ಅಂಗಡಿ ತಿರುಗಿ ನೋಡಿತು.

ಏನು ಹಾಗೆ ನೋಡ್ತೀಯ? ಓ... ಆ ದೀಕ್ಷಾಸ್ನಾನದ ಸಿಟ್ಟು ಅಂತೀಯಾ? ಚರ್ಚಿನಲ್ಲಿ ಅನಲಿನಳ ಮಗುವನ್ನು ಹಿಡಿದು ನಿಲ್ಲಲು ಆರು ಜನ ಧರ್ಮತಾಯಂದಿರು! ನಿನ್ನೆ ಮೊನ್ನೆ ಬಂದ ಮೀನು ಮಾರುವವಳೂ ಧರ್ಮತಾಯಿ. ಮೂವತ್ತು ವರ್ಷ ಗೋಡೆಗೆ ಗೋಡೆ ಬಾಳಿದ ನಾನು ಮಾತ್ರ ಹಿತ್ತಲಲ್ಲಿ ಪಾತ್ರೆ ತೊಳೆಯಲು! ‘ಓದಲು ಬಾರದ ಸಲೂದ್ ಆಂಟಿ ಚರ್ಚಿನಲ್ಲಿ ನಿಂತು ಪ್ರಾರ್ಥನೆ ಓದ್ತಾಳಾ? ಮಾನ ಹೋಗುತ್ತೆ’ ಅಂತ ನನ್ನ ಬಗ್ಗೆ ಅಂದಳಂತೆ ನಿನ್ನ ಮಗಳು. ನಾನು ಮರೆತಿದ್ದೇನೆ. ಮರೆತೇ ಬಿಟ್ಟಿದ್ದೇನೆ...

ಅದೇನು ಮೇಜಿನ ಮೇಲಿಟ್ಟೆ?

...ನನ್ನ ಕೂಪನ್. ಕೌಂಟರಿನಲ್ಲೇ ಬಿಟ್ಟು ಬಂದಿದ್ದೆ. ಬೆಳಕಿಗೆ ಹಿಡಿಯಬೇಡ, ಲೂಮಿಂಗ್. ಬೆರಳಿಟ್ಟು ತೋರಿಸಬೇಡ, ಕಂಡಿದ್ದೇನೆ. ಕೆಂಪು ಪೆನ್ಸಿಲ್. ಇರುವೆ ಸಾಲಿನ ಪ್ರತಿ ಪದದಡಿ ಒಂದು ಗೆರೆ. ‘ಭಾನುವಾರ’ದಡಿ ಎರಡು.

ಹೌದು, ಆ ಗೆರೆಗಳು ನನ್ನವೇ.

ನೋಡಿಬಿಟ್ಟೆಯಾ? ಹಾಗಾದರೆ ಕೇಳು. ನಾಲ್ಕು ದಿನ ಹಿಡಿಯಿತು. ಗೆರೆ ಎಳೆದೆಳೆದು, ಒಂದು ಪದವನ್ನೂ ಬಿಡದೆ ಓದಿದೆ. ನಡೆಯಲ್ಲ ಅಂತ ಓದಿಕೊಂಡೇ ಭಾನುವಾರ, ಅವಳ ಕೌಂಟರಿಗೇ ಹೋದೆ. ಹೇಳು ನಿನ್ನ ಮಗಳಿಗೆ, ಸಲೂದ್‌ಗೆ ಓದಲು ಬರುತ್ತದೆ!

...ಲೂಮಿಂಗ್. ಎದ್ದೆಯಾ? ನಿಲ್ಲು.

ಗೊತ್ತಿದ್ದೇ ಹೋಗಿದ್ದೆ ಅಂತ ಅಮ್ಮನಿಗೆ ಮಾತ್ರ ಹೇಳಬೇಡ. ಆ ಕಿರೀಟವನ್ನು ದಿಂಬಿನಡಿ ಇಟ್ಟುಕೊಂಡಿದ್ದಾಳೆ.