ಮುಯ್ಯಿ ಊಟದ ಮಾರನೇ ದಿನ

ಅಲ್ಲಾ, ಅಂಗಡಿ ತಗೋಬೇಡ ಅಂತ ನಾನೆಲ್ಲಿ ಅಂದೆ? ಬಾಯಿಬಿಟ್ಟು ಅಂದ್ನಾ ಅಕ್ಕಾ? ತಗೋ. ನಿನ್ನ ದುಡ್ಡು, ನಿನ್ನಿಷ್ಟ. ಇವತ್ತೇ ಯಾಕೆ ಅಂತ ಅಷ್ಟೇ ನನ್ನ... ನೋಡು, ಹಾಗೆ ನೋಡ್ಬೇಡ. ಆ ನೋಟ ಅಪ್ಪಂದು. ಅಪ್ಪ ಹೋಗ್ತಾ ಕಣ್ಣು ಮಾತ್ರ ನಿನ್ನ ಮುಖದಲ್ಲಿ ಬಿಟ್ಟು ಹೋದ, ನನ್ನ ಮೇಲೆ ಕಾವಲಿಗೆ.

ಕಾಫಿ ಕುಡಿ ಮೊದ್ಲು. ನಾನೇ ಮಾಡಿದ್ದು. ಹೂಂ, ನಾನೇ! ಯಾಕೆ ನಗ್ತೀಯ? ನಗ್ಲಿಲ್ವಾ? ನಕ್ಕ ಹಾಗೆ ಕಾಣಿಸ್ತಪ್ಪ. ಹೋಗ್ಲಿ ಬಿಡು.

ಬೆಳಬೆಳಗ್ಗೆ ಹಸಿರು ರೇಷ್ಮೆ ಸೀರೆ ಉಟ್ಕೊಂಡು ಬಂದು ಕೂತಿದೀಯ, ಪರವಾಗಿಲ್ಲ! ರಾವುತರು ಅಂಗಡಿ ಮಾರ್ತಿದಾರೋ ಹೆಣ್ಣು ನೋಡೋಕೆ ಬರ್ತಿದಾರೋ? ಸರಿ ಸರಿ, ತಮಾಷೆ. ನಿನ್ನ ಹತ್ರ ತಮಾಷೆ ಮಾಡೋ ಕಾಲ ಹೋಯ್ತು.

ನಿನ್ನೆ ಎಂಥಾ ಜನ ಅಕ್ಕಾ! ಇಷ್ಟು ವರ್ಷದಲ್ಲಿ ಈ ಊರಲ್ಲಿ ಅಂಥ ಮುಯ್ಯಿ ಊಟ ಆಗಿದೆಯಾ ಹೇಳು. ಇನ್ನೂ ಹಿತ್ತಲಲ್ಲಿ ತಪ್ಪಲೆ ಕೆರೀತಾನೇ ಇದಾರೆ, ಕೇಳಿಸ್ತಾ? ಊರಿನ ನಾಯಿಗಳೆಲ್ಲಾ ಮೂಳೆ ಬಾಯಲ್ಲಿ ಇಟ್ಕೊಂಡು ಮಲಗಿವೆ, ಅಗಿಯೋಕೂ ಜೀವ ಇಲ್ಲ ಅವಕ್ಕೆ. ವೈರಕ್ಕಣ್ಣು ಮಾವ ಮೂರು ಸಲ ಸಾರು ಹಾಕಿಸ್ಕೊಂಡು, ಎಲೆ ಮಡಚಿ, ನನ್ನ ಕೈ ಹಿಡ್ಕೊಂಡು ಹೇಳ್ತಾನೆ: "ಲೇ ನೀಲಮೇಗಂ, ನಿಮ್ಮಕ್ಕ ನಮ್ಮನೆ ಊಟಕ್ಕೆ ಐದು ಸಾವಿರ ಇಟ್ಟಿದ್ಲು, ನಾನು ಏಳು ಇಟ್ಟಿದೀನಿ, ನೋಡ್ಕೋ." ನೋಡ್ಕೋ ಅಂದ್ರೆ ಏನು? ಮುಂದಿನ ಸಲ ಮೇಲಿನ ಎರಡು ಸಾವಿರ ನಾವು ವಾಪಸ್ ಇಡ್ಬೇಕು, ಅದರ ಮೇಲೆ ಇನ್ನಷ್ಟು ಸೇರಿಸ್ಬೇಕು. ತಿನ್ನೋಕೆ ಬಂದೋನು ಸಾಲ ಕೊಟ್ಟು ಹೋದ!

ಕಾಲೇಜಲ್ಲಿ ಒಬ್ಬ ಮೇಷ್ಟ್ರಿಗೆ ಹೇಳಿದ್ದೆ ಇದನ್ನ. ಹೌದು, ಇದ್ದ ಒಂದೂವರೆ ವರ್ಷದಲ್ಲಿ ಮೇಷ್ಟ್ರ ಹತ್ರ ಮಾತಾಡಿದ್ದು ಅದೊಂದೇ. ಐದು ವರ್ಷ ಊರಿನವರ ಊಟಕ್ಕೆಲ್ಲಾ ಹೋಗ್ಬೇಕು ಸಾರ್, ತಿಂದು ಮುಯ್ಯಿ ಇಡ್ಬೇಕು. ಆಮೇಲೆ ಒಂದು ಆಡಿ ತಿಂಗಳಲ್ಲಿ ನಾವು ಪೆಂಡಾಲ್ ಹಾಕಿ ಕುರಿ ಕಡೀಬೇಕು. ಅವರೆಲ್ಲಾ ಬಂದು ತಿಂದು, ನಾವು ಕೊಟ್ಟಿದ್ದಕ್ಕೆ ಇನ್ನಷ್ಟು ಸೇರಿಸಿ ಇಟ್ಟು ಹೋಗ್ತಾರೆ ಅಂದೆ. ಆತ ಬೋರ್ಡ್ ಒರೆಸ್ತಾ "ಒಬ್ಬ ತಗೊಂಡು ಕೈ ಎತ್ತಿಬಿಟ್ರೆ?" ಅಂದ. ನಾನು ಏನಂದೆ ಗೊತ್ತಾ? ನಮ್ಮೂರಲ್ಲಿ ಸಾಯ್ತಾರೆ ಸಾರ್, ಕೈ ಎತ್ತಲ್ಲ ಅಂದೆ.

ಹೆಂಗೆ ಉತ್ತರ?

ಕುಡಿ ಅಕ್ಕಾ, ಆರಿಹೋಗುತ್ತೆ.

ನಾನು ಹೇಳೋದು ಇಷ್ಟೇ. ಆ ಬಸ್ ಸ್ಟ್ಯಾಂಡ್ ಹಿಂದಿನ ಅಂಗಡಿ... ಅದು ಅಂಗಡಿನಾ? ಬೀಡಿ ಪೊಟ್ಟಣ! ಒಳಗೆ ಕೂತು ಸೀನಿದ್ರೆ ತಲೆ ಗೋಡೆಗೆ ಬಡಿಯುತ್ತೆ. ಅದಕ್ಕೆ ನಿನ್ನೆ ಬಂದ ಮುಯ್ಯಿ ಪೂರ್ತಿ, ಹದಿನಾಲ್ಕು ಲಕ್ಷ! ಬರೋ ಬಾಡಿಗೆ ಎಷ್ಟು? ಗೊತ್ತು, ಗೊತ್ತು, ನೀನು ನೂರು ಸಲ ಹೇಳಿದೀಯ. "ಸೊಂಟ ಬಿದ್ದುಹೋದ ಮೇಲೆ ಹಿಟ್ಟು ರುಬ್ಬೋಕಾಗಲ್ಲ, ಇಡ್ಲಿ ಬೇಯಿಸೋಕಾಗಲ್ಲ. ತಿಂಗಳಾ ತಿಂಗಳಾ ಬಾಡಿಗೆ ಬರ್ತಿದ್ರೆ ಯಾರ ಮುಂದೂ ಕೈ ಒಡ್ಡೋದು ಬೇಡ, ಸತ್ರೆ ಸುಡೋಕೂ ಅದರಲ್ಲೇ ಆಗುತ್ತೆ." ಇದು ನೀನು ಹೇಳಿದ್ದು. ಯಾರ ಮುಂದೂ ಅಂದ್ರೆ ಯಾರ ಮುಂದೆ? ನನ್ನ ಮುಂದೆ ತಾನೇ? ಮನೇಲಿ ಇನ್ಯಾರಿದಾರೆ? ನನಗೆ ಹೊಟ್ಟೆ ಉರೀತು ಕಣಕ್ಕಾ ಅವತ್ತು. ಭಾವ ಸಮುದ್ರಕ್ಕೆ ಹೋದೋನು ಬರ್ಲಿಲ್ಲ, ನಿಂಗೆ ಮಕ್ಕಳಿಲ್ಲ... ನಾನಿಲ್ವಾ? ನಿನ್ನ ಕಣ್ಣಿಗೆ ನಾನೇನು ಕಂಬನಾ? ನಾನೇ ನಿನ್ನ ಪಿಂಚಣಿ! ಮೀಸೆ ಬಂದಿರೋ ಪಿಂಚಣಿ!

ಈಗ ನಕ್ಕೆ. ಇಲ್ವಾ? ತುಟಿ ಅಲ್ಲಾಡ್ತು.

ದುಡ್ಡು ಅನ್ನೋದು ಕೋಳಿ ಇದ್ದ ಹಾಗೆ ಅಕ್ಕಾ. ಬುಟ್ಟಿ ಕೆಳಗೆ ಮುಚ್ಚಿಟ್ರೆ ಮೊಟ್ಟೆ ಎಲ್ಲಿಂದ? ಬಿಡ್ಬೇಕು. ನಾಲ್ಕು ಕಡೆ ಕೆದಕೋಕೆ ಬಿಡ್ಬೇಕು. ನಿಂಗೆ ಶೇರು ಅಂದ್ರೆ ಮಟ್ಕಾ. ಸರಿ, ಆ ಗ್ರೈಂಡರ್ ಎಲ್ಲಿಂದ ಬಂತು? ಹೋದ ಪೊಂಗಲ್‌ಗೆ ಹೊಸ ಗ್ರೈಂಡರ್ ತಂದು ನಿನ್ನ ಮುಂದೆ ಇಟ್ನಲ್ಲಾ, ಎಲ್ಲಿಂದ? ಇದೇ ಫೋನಿಂದ! ಒಂದೇ ಬೆಳಗ್ಗೆ, ನೀನು ಒಂದು ಒಬ್ಬೆ ಇಡ್ಲಿ ಇಳಿಸೋದ್ರೊಳಗೆ. ಅವತ್ತು ನೀನು ನನ್ನ ತಲೆ ಸವರಿದೆ. ನೆನಪಿದೆಯಾ? ನಂಗೆ ನೆನಪಿದೆ. ಕೈ ತುಂಬಾ ಹಿಟ್ಟು, ನನ್ನ ಕೂದಲೆಲ್ಲಾ ಮೆತ್ಕೊಳ್ತು, ನಾನು ತೊಳೀಲಿಲ್ಲ.

ಆಮೇಲೇನಾ? ಆಮೇಲೆ... ಆಮೇಲೆ ಮಾರ್ಕೆಟ್ಟು ಸ್ವಲ್ಪ ಬಿತ್ತು. ಬೀಳುತ್ತೆ, ಏಳುತ್ತೆ. ತೆಂಗಿನಮರನಾ ಅದು, ಬಿದ್ರೆ ಬಿದ್ದೇ ಇರೋಕೆ?

ಎಲ್ಲಿಗೆ? ಕೂತ್ಕೋ. ಮುಯ್ಯಿ ಪೆಟ್ಟಿಗೆ ಹತ್ರ ಏನಿದೆ ಈಗ? ಬೀಗದ ಕೈ ನನ್ನ ಹತ್ರ... ಎಲ್ಲೋ ಇಟ್ಟಿದೀನಿ, ಪ್ಯಾಂಟ್ ಬದಲಾಯಿಸ್ದೆ. ಹುಡುಕ್ತೀನಿ. ರಾವುತರಿಗೆ ನಾನು ಫೋನ್ ಮಾಡಿ ಹೇಳ್ತೀನಿ, ಒಂದು ವಾರ ತಡೀರಿ ಅಂತ. ಅಂಗಡಿ ಏನು ಎದ್ದು ನಡ್ಕೊಂಡು ಹೋಗುತ್ತಾ? ಒಂದೇ ವಾರ...

ಏನು ಬೆರಳು ತೋರಿಸ್ತಿದೀಯ? ಮೂರು? ಏನು ಮೂರು?

ಓ. ನಿನ್ನೆ ಬಿಳಿ ಕಾರಲ್ಲಿ ಬಂದ ಮೂವರಾ?

ಅವರು... ಪೆಂಡಾಲಿನವರು.

ಹೂಂ, ಪೆಂಡಾಲ್ ಹಾಕಿದ್ದು ಪಕ್ಕದ ಬೀದಿಯೋನು, ಗೊತ್ತು. ಮೈಕಿನವರು ಅನ್ನೋಕೆ ಹೋಗಿ ಬಾಯಿ ತಪ್ಪಿತು. ಯಾಕೆ? ಮೈಕಿನವರು ಕಾರಲ್ಲಿ ಬರಬಾರದಾ? ನೀನೇ ಎಲೆ ಹಾಕಿದ್ಯಾ ಅವರಿಗೆ? ನೀನೇ ಬಡಿಸಿದ್ಯಾ? ಮುಟ್ಲೇ ಇಲ್ವಾ? ಹಸಿವಿಲ್ಲದೆ ಇರ್ಬಹುದು. ಹೊಟ್ಟೆ ಸರಿ ಇಲ್ಲದೆ... ಮೂವರಿಗೂ ಒಟ್ಟಿಗೇನಾ ಅಂತ ನೋಡ್ಬೇಡ. ನಂಗೇನು ಗೊತ್ತು ಯಾರ ಹೊಟ್ಟೆ ಹೇಗಿದೆ ಅಂತ?

ಸರಿ. ಮುಯ್ಯಿ ಊಟಕ್ಕೆ ಬಂದೋನು ಇಡದೆ ಎದ್ದು ಹೋಗಬಹುದು, ಉಣ್ಣದೆ ಹೋಗಲ್ಲ. ಗೊತ್ತು. ನಾನೂ ಇದೇ ಊರಲ್ಲೇ ಹುಟ್ಟಿದೋನು.

ಬಡ್ಡಿ ಚೆಲ್ಲಯ್ಯನ ಕಡೆಯವರು ಅವರು.

ಹಾಗೆ ಕಣ್ಣು ಮುಚ್ಕೋಬೇಡ. ಸ್ವಲ್ಪ ಕೊಡಬೇಕಿತ್ತು, ಕೊಟ್ಟೆ. ಮುಗೀತು. ಮಾರ್ಕೆಟ್ ಬಿದ್ದಾಗ ಕೈಬಿಟ್ಟು ಎದ್ದು ಬರೋಕಾಗುತ್ತಾ? ಬಿದ್ದಿದ್ದನ್ನ ಎತ್ತೋಕೆ ಇನ್ನೊಂದಿಷ್ಟು ಹಾಕ್ಬೇಕು. ಅದನ್ನ ಎತ್ತೋಕೆ ಇನ್ನೊಂದಿಷ್ಟು. ಚೆಲ್ಲಯ್ಯ ಒಂದೇ ಮಾತು ಕೇಳಿದ, "ಆಡಿಯಲ್ಲಿ ನಿನ್ನ ಊಟ ತಾನೇ?" ಅಂತ. ಹೌದು ಅಂದೆ. ಎಣಿಸಿ ಕೊಟ್ಟ. ಇನ್ನೇನೂ ಕೇಳ್ಲಿಲ್ಲ ಅಕ್ಕಾ, ಅಡವಿಡೋಕೆ ಒಂದು ಚೊಂಬು ಕೂಡ ಕೇಳ್ಲಿಲ್ಲ. ನನಗೆ ಅಷ್ಟು ಬೆಲೆ ಇದೆ ಅಂತ ಅವತ್ತೇ ಗೊತ್ತಾಗಿದ್ದು!

ಮುಯ್ಯಿ ದುಡ್ಡಲ್ಲಿ ಅರ್ಧ ಹೋಯ್ತು. ಅರ್ಧ ಅಷ್ಟೇ... ಅರ್ಧಕ್ಕಿಂತ ಸ್ವಲ್ಪ ಜಾಸ್ತಿ.

ಕೇಳು. ಎಷ್ಟು ಅಂತ ಕೇಳು. ಯಾಕೆ ಕೇಳ್ತಿಲ್ಲ? ಎರಡು ಇಡ್ಲಿ ತಿಂದೋನು ಮೂರು ತಿಂದನೇನೋ ಅಂತ ಬಸ್ ಹತ್ತಿ ಕೇಳಿ ಬಂದೋಳು ನೀನು! ಕೇಳು ಅಕ್ಕಾ, ಎಷ್ಟೋ ಹಾಳಾದವನೇ ಅಂತ ಕೇಳು...

ಎತ್ತಿ ನೋಡಿದ್ಯಾ?

ಪೆಟ್ಟಿಗೆ ಎತ್ತಿ ನೋಡಿದೀಯ. ನಾನು ಮಲಗಿದ್ದಾಗ.

ಅಯ್ಯೋ... ಗೊತ್ತಿದ್ದೂ ಆಗಿಂದ ಸುಮ್ನೆ ಕೂತಿದೀಯಾ? ನಾನು ಕೋಳಿ, ಮೊಟ್ಟೆ, ಪಿಂಚಣಿ ಅಂತ ಬೊಗಳ್ತಾ ಇದ್ರೆ... ಯಾವ ಥರದ ಹೆಂಗಸು ನೀನು? ಎದ್ದು ಎರಡು ಬಾರಿಸೋದಲ್ವಾ? ಪೊರಕೆ ಅಲ್ಲೇ ಇದೆ. ತಗೋ. ಹೊಡಿ. ಹೊಡೀ ಅಂದೆ!

ಹೊಡಿಯಲ್ಲ. ಹೊಡೆದ್ರೆ ನಂಗೆ ಸಮಾಧಾನ ಆಗಿಬಿಡುತ್ತೆ, ಅದಕ್ಕೆ ತಾನೇ?

ಹಾಗಾದ್ರೆ ಕೇಳು. ನ್ಯಾಯವಾಗಿ ಮಾತಾಡೋದಾದ್ರೆ ಆ ದುಡ್ಡು ನಂದು. ಹೌದು, ನಂದು! ಊಟದ ಕಾರ್ಡಲ್ಲಿ ಯಾರ ಹೆಸರಿತ್ತು? ಗಂಡಸು ಇರೋ ಮನೇಲಿ ಗಂಡ ಸತ್ತೋಳ ಹೆಸರು ಯಾಕೆ ಅಂತ ದೊಡ್ಡಪ್ಪ ಅಂದಾಗ, ಆಯ್ತು ಅಂತ ತಲೆ ಆಡಿಸಿದೋಳು ಯಾರು? ಐದು ವರ್ಷ ಒಂದೊಂದು ಊಟದಲ್ಲೂ ಮುಯ್ಯಿ ಲೆಕ್ಕ ಬರೆಯೋರ ಮುಂದೆ ಬಗ್ಗಿ ನಿಂತು "ನೀಲಮೇಗಂ ಅಂತ ಬರ್ಕೊಳ್ಳಿ" ಅಂದೋಳು ನೀನೇ ತಾನೇ? ನಾನು ಹೇಳಿದ್ನಾ ಬರೆಸು ಅಂತ? ಊರೆಲ್ಲಾ ಇಟ್ಟಿದ್ದು ನೀಲಮೇಗನಿಗೆ. ಅಂಜಲೈಗಲ್ಲ!

ಛೆ. ಇಲ್ಲ. ಹಾಗಲ್ಲ ಅಕ್ಕಾ, ಬಾಯಿಗೆ ಬಂತು. ನನ್ನ ಬಾಯಿಗೆ ಬೆಂಕಿ ಹಾಕ. ನಿನ್ನ ದುಡ್ಡೇ. ಒಂದೊಂದು ರೂಪಾಯಿ ನಿಂದೇ. ಹಬೆಯಲ್ಲಿ ನಿನ್ನ ಕೈ ಬೆಂದು ಬೆಂದು... ನಂಗೆ ಗೊತ್ತಿಲ್ವಾ?

ಹಿಂದಿಂದು ಹೋಗ್ಲಿ, ಮುಂದಿಂದು ನೋಡೋಣ. ಹೂಂ? ಊರಿಗೆ ವಾಪಸ್ ಇಡ್ಬೇಕಾದ್ದು ಇದೆ, ನಿಧಾನಕ್ಕೆ ಇಡೋಣ. ನೀನು ಇಡ್ಲಿ ಮಾಡು, ನಾನು ಮಾರ್ತೀನಿ. ಬೇಕಾದ್ರೆ ತಿರುಪ್ಪೂರಿಗೆ ಹೋಗಿ ಬನಿಯನ್ ಹೊಲೀತೀನಿ. ನಾವಿಬ್ಬರೂ ಸೇರಿದ್ರೆ ಏನಾಗಲ್ಲ? ಒಂದೇ ಒಂದು ಸಣ್ಣ... ಅಂದ್ರೆ ಇನ್ನೊಂದು ಸ್ವಲ್ಪ ಉಳ್ಕೊಂಡಿದೆ ಚೆಲ್ಲಯ್ಯಂಗೆ. ಹದಿನಾಲ್ಕರಲ್ಲಿ ಮುಗೀಲಿಲ್ಲ. ಬಡ್ಡಿ ಸೇರಿತು. ಅದಕ್ಕೆ... ಅಪ್ಪ ಈ ಮನೇನ ನಿನ್ನ ಹೆಸರಿಗೆ ಮಾಡಿ ಹೋದ ನೋಡು... ಮಾರೋದಲ್ಲ! ಯಾರು ಮಾರೋದು ಅಂದ್ರು? ಬರೀ ಒಂದು ಸಹಿ. ಮಧ್ಯಾಹ್ನ ಬರ್ತಾರೆ ಅವರು, ಮನೆ ನೋಡ್ಕೊಂಡು ಹೋಗ್ತಾರಂತೆ. ಅಕ್ಕ ಒಪ್ತಾಳೆ ಅಂತ ಹೇಳಿಬಿಟ್ಟಿದೀನಿ.

ಹೌದು. ಅದಕ್ಕೇ ಕಾಫಿ ಮಾಡಿದ್ದು.

ಅಕ್ಕಾ.

ಏನಾದ್ರೂ ಹೇಳು. ಥೂ ಅಂತಾದ್ರೂ ಅನ್ನು. ಇಷ್ಟೊತ್ತು ನಿನ್ನ ಪಾಲಿನ ಮಾತೂ ನಾನೇ ಆಡಿ ಗಂಟಲು ಒಣಗಿಹೋಯ್ತು.

ಎದ್ಯಾ? ಎಲ್ಲಿಗೆ? ರಾವುತರ ಹತ್ರ ಹೋಗಿ ಏನು ಮಾಡ್ತೀಯ, ಕೈಯಲ್ಲಿ ಏನಿದೆ ಕೊಡೋಕೆ? ಅಲ್ಲಿಗಲ್ವಾ? ಮತ್ತೆ ಸೀರೆ ಯಾಕೆ... ಓ, ಇವತ್ತು ಸೌಂದರವಲ್ಲಿ ಚಿಕ್ಕಮ್ಮನ ಮನೆ ಊಟ. ನಿಜ. ಮೈಕ್ ಆಗ್ಲೇ ಶುರುವಾಗಿದೆ. ಯಾವ ಮುಖ ಇಟ್ಕೊಂಡು ಹೋಗ್ತೀಯ ಅಕ್ಕಾ? ನಿನ್ನೆ ತಾನೇ ಅವಳು ಇಟ್ಟು ಹೋದ್ಲು, ಇವತ್ತು ನಾವು ಅದರ ಮೇಲೆ ಇಡ್ಬೇಕು. ಸೆರಗಿನ ಗಂಟಲ್ಲಿ ಎಷ್ಟಿದೆ? ಇಡ್ಲಿ ದುಡ್ಡಾ? ಬರೀ ಹತ್ತು, ಇಪ್ಪತ್ತರ ನೋಟು! ಇಷ್ಟರಲ್ಲಿ ಏನಾಗುತ್ತೆ?

ಆದ್ರೂ ಇಡು. ಹೋಗಿ ಇಡು. ಇಷ್ಟಾದ್ರೂ ಬಂತಲ್ಲಾ ಅಂತ ನನ್ನ ಮರ್ಯಾದೆ ನಾಲ್ಕು ದಿನ ನಿಲ್ಲುತ್ತೆ. ನೀಲಮೇಗಂ ಅಂತ ಸರಿಯಾಗಿ ಹೇಳಿ ಬರೆಸು.

ಯಾಕೆ ತಲೆ ಅಲ್ಲಾಡಿಸ್ತೀಯ?

ನನ್ನ ಹೆಸರಿಗಲ್ಲದೆ ಇನ್ಯಾರ ಹೆಸರಿಗೆ ಬರೆಸ್ತೀಯ? ಅಪ್ಪನ ಹೆಸರಿಗಾ? ಸತ್ತೋರ ಹೆಸರಿಗೆ ಮುಯ್ಯಿ ಇಡಲ್ಲ. ಭಾವನ...

ನಿಂದಾ?

ಅಂಜಲೈ ಅಂತಾನಾ? ನಿನ್ನದೇ? ಒಬ್ಬಳದೇ?

ತಡಿ, ತಡಿ. ಈ ವಯಸ್ಸಲ್ಲಿ ಮೊದಲಿಂದಾನಾ? ಇನ್ನೈದು ವರ್ಷ ಊರೂರು ಅಲೆದು... ಮತ್ತೆ ನಿನ್ನೆ ಊರೆಲ್ಲಾ ಇಟ್ಟು ಹೋಗಿದ್ದು? ಅದನ್ನ ಯಾರು ತೀರಿಸೋದು? ಅದು ನೀಲಮೇಗನ ಹೆಸರಲ್ಲಿ... ನಿನ್ನ ಹೆಸರು... ಅಕ್ಕಾ, ನಿನ್ನ ಹೆಸರು ಎಲ್ಲೂ ಇಲ್ವಲ್ಲಾ. ಕಾರ್ಡಲ್ಲಿ ಇಲ್ಲ, ಯಾರ ಮನೆ ಲೆಕ್ಕದಲ್ಲೂ ಇಲ್ಲ. ನೀನು ಯಾರಿಗೂ ಒಂದು ಪೈಸಾ ಕೊಡ್ಬೇಕಿಲ್ಲ. ವೈರಕ್ಕಣ್ಣು ಮಾವ, ಚಿಕ್ಕಮ್ಮ, ಇಡೀ ಊರು... ಎಲ್ಲಾ ನನ್ನ ಒಬ್ಬನ ತಲೆ ಮೇಲಾ?

ಅದನ್ನೇ ಯೋಚನೆ ಮಾಡ್ತಾ ಕೂತಿದ್ಯಾ ಬೆಳಗ್ಗೆಯಿಂದ?

ನೋಡು, ನಾನು ನಿನ್ನ ತಮ್ಮ. ಅಮ್ಮ ಹೋದಾಗ ನಿನ್ನ ಸೊಂಟದ ಮೇಲಿದ್ದೆ. ಇಬ್ಬರೂ ಸೇರಿ ತೀರಿಸೋಣ ಅಂತ ಈಗ ತಾನೇ ಅಂದ್ನಲ್ಲಾ, ಇಬ್ಬರೂ ಅಂತ! ಮಾತಾಡದೆ ಚಪ್ಪಲಿ ಹಾಕ್ಕೋಬೇಡ. ಅವರು ಬರ್ತಾರೆ ಅಕ್ಕಾ. ಬಂದು ಸಹಿ ಎಲ್ಲಿ ಅಂತ ಕೇಳಿದ್ರೆ ಏನಂತ ಹೇಳ್ಲಿ? ಅಕ್ಕ ಸಹಿ ಹಾಕಲ್ಲ ಅಂತ ಹೇಳ್ಲಾ? ನನ್ನ ಸುಮ್ನೆ ಬಿಡ್ತಾರಾ ಅವರು? ಒಂದು ಸಲ ಈ ಕಡೆ ತಿರುಗು. ಬೈದು ಹೋಗು, ಬೈದಾದ್ರೂ...

ಹಾಕ್ಬೇಡ. ತೆರೆದೇ ಇರ್ಲಿ. ಅಕ್ಕಾ, ಬಾಗಿಲು ಹಾಕ್...

ಹಾಕೇಬಿಟ್ಯಾ.