ಸೀತಾರಾಮಣ್ಣನ ಸೀರೆಪುಟ

ಸೀತಾರಾಮಣ್ಣ ತೀರಿಕೊಂಡ ಸುದ್ದಿ ತಿಳಿದ ದಿನ ನಮ್ಮ ಬೀದಿಯ ಮಗ್ಗಗಳೆಲ್ಲ ನಿಂತಿದ್ದವು. ಮೊನ್ನೆ ಅವರ ವರ್ಷದ ತಿಥಿಯ ಮರುದಿನ, ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಅವರ ಹೆಂಡತಿ ಕಮಲಮ್ಮನೂ ಅವರ ತಂಗಿಯ ಮಗಳು ಹರ್ಷಿತಾಳೂ ನನ್ನ ಪಕ್ಕದ ಬೆಂಚಿನಲ್ಲಿ ಕುಳಿತಿದ್ದರು.

"ನಿಮ್ಮ ಮಾವನ ಸೀರೆ ವೆಬ್‌ಸೈಟ್ ಸಿಕ್ತೇನೇ?"

"ಆ ವಿಳಾಸ ಹಾಕಿದ್ರೆ ರಮ್ಮಿ ಆಟದ ಜಾಹೀರಾತು ಬರುತ್ತೆ ಅತ್ತೆ. ನಾವು ರಿನ್ಯೂ ಮಾಡ್ಲಿಲ್ಲ, ಯಾರೋ ತಗೊಂಡ್ಬಿಟ್ಟಿದ್ದಾರೆ."

"ಅಯ್ಯೋ, ಇಸ್ಪೀಟು ಮುಟ್ಟದ ಮನುಷ್ಯ ಕಣೇ!"

"ಸೀರೆ ಫೋಟೊ ಎಲ್ಲಾ ಇನ್‌ಸ್ಟಾಗ್ರಾಮ್‌ಗೆ ಹಾಕಿ ಅಂತ ಎಷ್ಟು ಹೇಳ್ದೆ. ಮಾವ ಕೇಳ್ಲಿಲ್ಲ."

"ಅಲ್ಲಿ ಅಕೌಂಟ್ ಇಲ್ದೋರನ್ನ ಬಾಗಿಲಲ್ಲೇ ನಿಲ್ಲಿಸ್ತಾರಂತೆ. ಇವರ ಪುಟಕ್ಕೆ ಯಾರು ಬೇಕಾದ್ರೂ ಬರೋರು. ಒಂದೊಂದು ಸೀರೆ ಕೆಳಗೂ ನೇಯ್ದೋರ ಹೆಸರು ಹಾಕೋರು."

"ಇಲ್ನೋಡಿ ಅತ್ತೆ. ಹಳೇ ವೆಬ್‌ಸೈಟುಗಳ ಪ್ರತಿ ಕಾದಿಡೋ ಜಾಗ ಒಂದಿದೆ, ಅಲ್ಲಿ ಸಿಕ್ತು. ಫೋಟೊ ಬರ್ತಿಲ್ಲ, ಹೆಸರುಗಳು ಮಾತ್ರ ಉಳಿದಿವೆ."

ಕಮಲಮ್ಮ ಕನ್ನಡಕ ಏರಿಸಿ ಬಹಳ ಹೊತ್ತು ಓದಿದರು.

"ಮೊದಲನೇ ಹೆಸರೇ ನಂದು. ನಂಗೆ ಒಂದಿನಾನೂ ಹೇಳ್ಲಿಲ್ಲ ನೋಡು."

"ನೀವು ಯಾವತ್ತು ತೆಗೆದು ನೋಡಿದ್ರಿ?"

"ಅವ್ರು ಮನೇಲೇ ಇದ್ರಲ್ಲೇ, ನೋಡಿದ್ರಾಯ್ತು ಅಂದ್ಕೊಂಡಿದ್ದೆ."

ದೇವನಹಳ್ಳಿ ಬಸ್ಸು ಬಂತು. ಹರ್ಷಿತಾಳ ಫೋನನ್ನು ಎದೆಗೊತ್ತಿಕೊಂಡೇ ಕಮಲಮ್ಮ ಹತ್ತಿದರು.

ಘಾಟಿಯ ಸ್ವಾಮಿ, ಎಲ್ಲರಿಗೂ ಬಾಗಿಲು ತೆರೆದಿಟ್ಟ ಆ ಜೀವಕ್ಕೆ ನಿನ್ನ ಬಾಗಿಲೂ ತೆರೆದಿರಲಿ, ಶಾಂತಿ ಸಿಗಲಿ.